ಹಿಂದಿನ ಸೀಟಿನಲ್ಲಿ ಬ್ರೇಕ್ ಇಲ್ಲ

ಜೂನ್ 9, ಸೋಮವಾರ

ಇವತ್ತು ಮೂರು ಡ್ರೈವಿಂಗ್ ಕ್ಲಾಸ್. ಬೆಳಗಿನ ದರ್ಜಿ ಮತ್ತೆ ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗಿಸಿದ. ಕೇಳಿದರೆ, "ಬಟ್ಟೆ ತಿರುವಿ ಹಾಕಿ ಹೊಲಿಯೋ ಅಭ್ಯಾಸ ಮೇಡಂ" ಎಂದ. ನಗು ತಡೆಯಲಾಗಲಿಲ್ಲ. ಈಗ ನಕ್ಕರೆ ಹೊಟ್ಟೆ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಸೀಟು ಹಿಂದೆ ಸರಿಸಿದರೆ ನನ್ನ ಕಡೆಯ ಬ್ರೇಕ್ ಕಾಲಿಗೆ ಸಿಗುವುದಿಲ್ಲ. ಮುಂದೆ ಸರಿಸಿದರೆ ಒಳಗಿರುವ ಮಹಾಶಯರು ಒದೆಯುತ್ತಾರೆ. ಅತ್ತ ದರಿ, ಇತ್ತ ಹುಲಿ.

ಹನ್ನೊಂದು ವರ್ಷದಿಂದ ಇದೇ ಸೀಟು. ಕಲಿಯುವವರು ಸ್ಟೇರಿಂಗ್ ಹಿಡಿಯುತ್ತಾರೆ, ನಾನು ಪಕ್ಕದಲ್ಲಿ ನನ್ನ ಬ್ರೇಕಿನ ಮೇಲೆ ಬಲಗಾಲು ಇಟ್ಟುಕೊಂಡು ಕೂತಿರುತ್ತೇನೆ. ಗೋಡೆಗೆ ಗುದ್ದಿಸಲು ಹೋದವರು, ಬಸ್ಸಿನ ಎದುರಿಗೆ ನುಗ್ಗಿಸಿದವರು — ಎಲ್ಲರೂ ಆಗಿದ್ದಾರೆ. ಒಂದು ದಿನವೂ ಎದೆ ಡವಗುಟ್ಟಿಲ್ಲ. ಕಲಿಯುವವರು ಇಟ್ಟ ಹೆಸರೇ ಬ್ರೇಕ್ ಮೇಡಂ.

ಆದರೆ ಹೆರಿಗೆ ಎಂದರೆ ಕೈಕಾಲು ತಣ್ಣಗಾಗುತ್ತದೆ. ಇವತ್ತು ಚೆಕಪ್ಪಿನಲ್ಲಿ ಬಾಯಿಬಿಟ್ಟು ಹೇಳಿಬಿಟ್ಟೆ. "ಡಾಕ್ಟ್ರೇ, ಒಂದು ದಿನ ಗೊತ್ತುಮಾಡಿ ಆಪರೇಷನ್ ಮಾಡಿಬಿಡಿ. ನನ್ನ ಕೈಲಾಗಲ್ಲ." ಬೈಯುತ್ತಾರೆ ಅಂದುಕೊಂಡಿದ್ದೆ. ಪೆನ್ನು ಕೆಳಗಿಟ್ಟು ಕೇಳಿದರು, "ನೋವಿನ ಭಯವಾ, ಬೇರೆ ಏನಾದ್ರೂನಾ?"

ಯೋಚಿಸಿದೆ. ನೋವಲ್ಲ. "ಯಾರೋ ಬರ್ತಾರೆ, ಯಾರೋ ಏನೋ ಮಾಡ್ತಾರೆ. ನನ್ನ ಕೈಲಿ ಏನೂ ಇರಲ್ವಲ್ಲ... ಅದು."

"ಆಪರೇಷನ್ನೂ ಒಂದು ದಾರಿನೇ. ಬೇಕು ಅಂದ್ರೆ ಮಾತಾಡೋಣ. ಆದರೆ ಹೆದರಿಕೊಂಡು ಹೇಳ್ಬೇಡಿ, ತಿಳ್ಕೊಂಡು ಹೇಳಿ. ಶನಿವಾರ ಮೇಲಿನ ಮಹಡೀಲಿ ಹೆರಿಗೆ ಕ್ಲಾಸ್ ಇರುತ್ತೆ, ಬನ್ನಿ. ಮೂವತ್ತಾರನೇ ವಾರಕ್ಕೆ ನಾನೇ ಮತ್ತೆ ಕೇಳ್ತೀನಿ."

ಹೊರಗೆ ಬಂದಾಗ ಅರ್ಧ ಭಾರ ಇಳಿದಿತ್ತು. ಹೊಟ್ಟೆಯ ಭಾರ ಅಲ್ಲ, ಅದು ಹಾಗೆಯೇ ಇದೆ.

ಜೂನ್ 12, ಗುರುವಾರ

ಎದುರು ಮನೆಯಾಕೆ ಬಂದಿದ್ದರು. ಜೊತೆಗೆ ನನ್ನ ಗಂಡನ ಸೋದರತ್ತೆ. ಕೂತವರು ಏಳಲಿಲ್ಲ. ಒಬ್ಬರಿಗೆ ಎರಡು ದಿನ ನೋವು. ಇನ್ನೊಬ್ಬರ ನಾದಿನಿಗೆ ಎಷ್ಟು ಹೊಲಿಗೆ, ಎಲ್ಲೆಲ್ಲಿ ಹೊಲಿಗೆ... ನನ್ನ ದರ್ಜಿ ಶಿಷ್ಯನೂ ಅಷ್ಟು ಹೊಲಿದಿರಲಾರ. ಎಲ್ಲ ಹೇಳಿ ಮುಗಿಸಿ, "ಏನೂ ಹೆದರ್ಕೋಬೇಡ ಕಣಮ್ಮ" ಎಂದು ಬೆನ್ನು ತಟ್ಟಿ ಹೋದರು. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದೆಂದರೆ ಇದೇ.

ನನ್ನ ಅತ್ತೆ ಮಾತ್ರ ಒಂದಕ್ಷರ ಆಡಲಿಲ್ಲ. ಎರಡನೇ ಹೊಲಿಗೆಯ ಕತೆ ಶುರುವಾಗುತ್ತಿದ್ದಂತೆ ಎದ್ದು ಅಡುಗೆಮನೆಗೆ ಹೋದರು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದ ಸದ್ದು.

ಅವರು ಹೆತ್ತದ್ದು ಒಬ್ಬನನ್ನೇ, ನನ್ನ ಗಂಡನನ್ನು. ಆ ದಿನದ ಬಗ್ಗೆ ಒಂದು ಮಾತೂ ಅವರ ಬಾಯಿಂದ ಕೇಳಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಊರಿನವರ ಮಾತನ್ನೆಲ್ಲ ಜೋಡಿಸಿಕೊಟ್ಟು ತಮ್ಮ ಪಾಲಿನದನ್ನು ಖರ್ಚು ಮಾಡಿಕೊಂಡರೇನೋ. ನನ್ನ ಭಯ ನೋಡಿ ಅವರಿಗೆ ಬೇಸರವಿರಬಹುದು. ಇದೇನು ಮಹಾ, ನಾವು ಹೆರಲಿಲ್ಲವೇ ಎನ್ನುವ ಜಾತಿಯ ಮೌನ ಅದು ಅನಿಸುತ್ತದೆ.

ಜೂನ್ 14, ಶನಿವಾರ

ಮೊದಲ ಹೆರಿಗೆ ಕ್ಲಾಸ್. ಗಂಡನೂ ಬಂದಿದ್ದ, ಕೆಲಸಕ್ಕೆ ರಜೆ ಹಾಕಿ. ನೆಲಕ್ಕೆ ಚಾಪೆ, ನಾಲ್ಕೈದು ದೊಡ್ಡ ರಬ್ಬರ್ ಚೆಂಡು, ಪ್ಲಾಸ್ಟಿಕ್ಕಿನ ಸೊಂಟದ ಮೂಳೆ, ಅದರೊಳಗಿಂದ ತೂರಿಸಿ ತೋರಿಸಲು ಒಂದು ಬಟ್ಟೆ ಗೊಂಬೆ. ಕಲಿಸುವ ಸಿಸ್ಟರ್ ಬಾಗಿಲಿಗೆ ತಲೆ ತಾಗುವಷ್ಟು ಉದ್ದ. ದನಿ ಮಾತ್ರ ಬಹಳ ಮೆತ್ತಗೆ. ಹೊಟ್ಟೆ ಮುಟ್ಟಿ ತೋರಿಸುವ ಮೊದಲು, "ಮುಟ್ಲಾ?" ಎಂದು ಕೇಳಿದರು. ಹೂಂ ಅಂದೆ.

ಆಮೇಲೆ ವೀಡಿಯೋ ಹಾಕಿದರು. ಮಗುವಿನ ತಲೆ ಕಾಣುವ ಹೊತ್ತಿಗೆ ಪಕ್ಕದಲ್ಲಿ ಧೊಪ್ಪೆಂದು ಸದ್ದು. ನೋಡಿದರೆ ಇವನು ನೆಲದ ಮೇಲೆ. ಲಿಫ್ಟ್ ಮೆಕ್ಯಾನಿಕ್ಕು, ಹದಿನೆಂಟನೇ ಮಹಡಿಯ ಕತ್ತಲ ಗುಂಡಿಯಲ್ಲಿ ನೇತಾಡಿಕೊಂಡು ಹಾಡು ಹೇಳುವ ಗಂಡಸು. ನೀರು ಚಿಮುಕಿಸಿ ಎಬ್ಬಿಸಿದರು. "ಮಗು ಬಂತಾ?" ಎಂದ.

ಹೆರಿಗೆಯ ಹೊತ್ತಿಗೆ ಒಬ್ಬರನ್ನು ಜೊತೆಗೆ ಒಳಗೆ ಬಿಡುತ್ತಾರಂತೆ. ಒಬ್ಬರೇ. ಅವರೂ ಕ್ಲಾಸಿಗೆ ಬಂದಿರಬೇಕು. ಉದ್ದ ಸಿಸ್ಟರ್ ಇವನ ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿ ಹೇಳಿದರು, "ತಪ್ಪು ತಿಳೀಬೇಡಿ ಸರ್. ಹೆರಿಗೆ ಕೋಣೇಲಿ ಇರೋದು ಒಂದೇ ಮಂಚ."

ದಾರಿಯುದ್ದಕ್ಕೂ ಸಾರಿ ಕೇಳಿದ. ಪಾಪ, ಅಷ್ಟಗಲದ ಮುಖ ಇಷ್ಟೇ ಇಷ್ಟಾಗಿತ್ತು. ಕೋಪ ಬರಲಿಲ್ಲ. ಬಂದು ಬಿದ್ದನಲ್ಲ, ಅಷ್ಟಾದರೂ ಬಂದ.

ಜೂನ್ 15, ಭಾನುವಾರ

ಹಾಗಾದರೆ ಯಾರು? ಅಮ್ಮನ ಮಂಡಿ ಆಪರೇಷನ್ ಆಗಿ ಇನ್ನೂ ವಾಕರ್ ಹಿಡಿದೇ ನಡೆಯುವುದು. ಮೇಲಾಗಿ ನನಗೆ ನೆಗಡಿ ಎಂದರೂ ಫೋನಿನಲ್ಲಿ ಅಳುವವಳು. ಅವಳೇ ಹೇಳಿದಳು, "ನಾನು ಬಂದ್ರೆ ನಿನ್ನ ಜೊತೆ ನನ್ನನ್ನೂ ನೋಡ್ಕೋಬೇಕಾಗುತ್ತೆ ಕಂದ. ನಿಮ್ಮತ್ತೆನ ಕೇಳು."

ಕೇಳುವುದು ಸುಲಭವೇ? ಬಟಾಣಿ ಬಿಡಿಸುತ್ತ ಕೂತಿದ್ದರು. ನಾನೂ ಎದುರು ಕೂತು ಹತ್ತು ಬಟಾಣಿ ಬಿಡಿಸಿದೆ. ಆಮೇಲೆ ಕೇಳಿದೆ.

ಕೈ ನಿಂತಿತು. "ಆ ಥರದ ಕೋಣೆಗೆ ಇನ್ನೊಂದ್ಸಲ ಕಾಲಿಡಲ್ಲ ಅಂದ್ಕೊಂಡಿದ್ದೆ ನಾನು."

ಮುಗಿಯಿತು ಅಂದುಕೊಂಡೆ. ಸಿಪ್ಪೆಗಳನ್ನೆಲ್ಲ ಗುಡ್ಡೆ ಮಾಡಿದರು. ಬುಟ್ಟಿಗೆ ಹಾಕಿ ಬಂದರು. "ಶನಿವಾರ ಎಷ್ಟು ಗಂಟೆಗೆ?"

ಜೂನ್ 17, ಮಂಗಳವಾರ

ಬೆಳಿಗ್ಗೆ ಅತ್ತೆಯ ಡ್ರೈವಿಂಗ್ ಕ್ಲಾಸ್. ನನಗೆ ಮೂರು ತಿಂಗಳು ತುಂಬಿದಾಗ ತಾವಾಗಿಯೇ ಬಂದು, "ನಂಗೂ ಕಲಿಸು. ಆಮೇಲೆ ಯಾರಾದ್ರೂ ಓಡಿಸ್ಬೇಕಲ್ಲ" ಎಂದವರು. ಅರವತ್ತೊಂದು ವರ್ಷ. ಒಂದು ಸಲ ಟೆಸ್ಟ್ ಫೇಲು — ಕನ್ನಡಿ ನೋಡುತ್ತ ನೋಡುತ್ತ ರಸ್ತೆ ನೋಡುವುದು ಮರೆತರು.

ಗಾಡಿಯೊಳಗೆ ಕೂತರೆ ನನ್ನನ್ನು ಮೇಡಂ ಅನ್ನುತ್ತಾರೆ, ಬಹುವಚನ. ಇಳಿದು ಬಾಗಿಲು ಹಾಕಿದ ಕೂಡಲೇ ನೀನು, ಏಕವಚನ. "ಮೇಡಂ, ಕ್ಲಚ್ ಬಿಡ್ಲಾ?" "ಬಿಡಿ ಅತ್ತೆ, ನಿಧಾನಕ್ಕೆ." ಗಾಡಿ ಕುಪ್ಪಳಿಸಿ ನಿಂತಿತು. "ನಿಧಾನ ಅಂದ್ರೆ ಎಷ್ಟು ನಿಧಾನ ಅಂತ ಹೇಳ್ಲಿಲ್ಲ ನೀವು." ಮನೆ ಮುಂದೆ ಇಳಿದವರು, "ಹಾಲು ಕುಡಿದ್ಯಾ ಬೆಳಗ್ಗೆ?" ಎಂದು ಗದರಿದರು. ಅದೇ ಬಾಯಿ.

ಜೂನ್ 21, ಶನಿವಾರ

ಅತ್ತೆಯ ಜೊತೆ ಹೆರಿಗೆ ಕ್ಲಾಸ್. ಮುಂದಿನ ಸಾಲಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಸೆಟೆದು ಕೂತರು, ಇಂಟರ್‌ವ್ಯೂಗೆ ಬಂದವರ ಹಾಗೆ.

ಇವತ್ತು ಮಂಜುಗಡ್ಡೆ. ಒಂದೊಂದು ತುಂಡು ಅಂಗೈಯಲ್ಲಿ ಹಿಡಿದು ಒಂದು ನಿಮಿಷ ಇರಬೇಕು. ನೋವು ಬಂದಾಗ ಮೈ ಏನು ಮಾಡುತ್ತದೆ ಎಂದು ನಮಗೇ ಗೊತ್ತಾಗಲಿ ಎಂದು. ಹಿಡಿದೆ. ಸುಟ್ಟ ಹಾಗಾಯಿತು. ಹಲ್ಲು ಕಚ್ಚಿದೆ, ಉಸಿರು ಕಟ್ಟಿದೆ. ಉದ್ದ ಸಿಸ್ಟರ್ ಎದುರಿಗೆ ಮಂಡಿಯೂರಿ ನನ್ನ ಕಾಲು ನೋಡುತ್ತಿದ್ದರು. "ಬಲಗಾಲಲ್ಲಿ ಏನು ಒತ್ತುತ್ತಾ ಇದ್ದೀರಾ?"

ನನಗೇ ಗೊತ್ತಿರಲಿಲ್ಲ. ಅತ್ತೆ ಹೇಳಿದರು, "ಬ್ರೇಕು."

ಕೋಣೆಯೆಲ್ಲ ನಕ್ಕಿತು. ಸಿಸ್ಟರೂ ನಕ್ಕರು. ಆಮೇಲೆ ಹೇಳಿದ್ದು ಮನಸ್ಸಿಗೆ ನಾಟಿತು — ಗರ್ಭಕೋಶ ತನ್ನ ಕೆಲಸ ಮಾಡುತ್ತಿರುತ್ತದೆ, ನಾವು ಹಲ್ಲು, ಕಾಲು, ಉಸಿರು ಎಲ್ಲ ಬಿಗಿಹಿಡಿದರೆ ಅದಕ್ಕೂ ಕಷ್ಟ, ನಮಗೂ ಕಷ್ಟ. ಬಿಸಿ ಹಾಲು ಆರಿಸುವ ಹಾಗೆ ಉದ್ದಕ್ಕೆ ಉಸಿರು ಬಿಡಬೇಕು. ದವಡೆ ಸಡಿಲ ಬಿಡಬೇಕು. ಮಲಗೇ ಇರಬೇಕಿಲ್ಲ, ನಡೆಯಬಹುದು, ಬಗ್ಗಬಹುದು, ಚೆಂಡಿನ ಮೇಲೆ ಕೂರಬಹುದು. ಮೂರನೇ ತುಂಡಿಗೆ ಪರವಾಗಿಲ್ಲ ಅನಿಸಿತು. ಕಾಲು ಮಾತ್ರ ಮಾತು ಕೇಳಲಿಲ್ಲ.

ಅತ್ತೆ ಹಿಡಿದ ಮಂಜುಗಡ್ಡೆ ಪೂರ್ತಿ ಕರಗಿ ನೀರಾಗಿ ಮೊಣಕೈಗೆ ಇಳಿಯುತ್ತಿತ್ತು. ಮುಖದಲ್ಲಿ ಒಂದು ಗೆರೆಯೂ ಕದಲಿರಲಿಲ್ಲ. ಸಿಸ್ಟರ್ ಬಂದು ಅವರ ಕೈ ಒರೆಸಿದರು. "ಸಾಕು ಅಮ್ಮ. ಅಷ್ಟೊತ್ತು ಹಿಡ್ಕೊಳ್ಳಿ ಅಂತ ಯಾರೂ ಹೇಳ್ಲಿಲ್ಲ."

ಜುಲೈ 2, ಬುಧವಾರ

ನಿನ್ನೆಯಿಂದ ರಸ್ತೆ ಕ್ಲಾಸ್ ನಿಲ್ಲಿಸಿದೆ. ದರ್ಜಿಯನ್ನು ಬೇರೆ ಮೇಷ್ಟರಿಗೆ ಒಪ್ಪಿಸಿದೆ, ದೇವರು ಅವರನ್ನು ಕಾಪಾಡಲಿ. ಅತ್ತೆಗೆ ಮಾತ್ರ ಬೆಳಿಗ್ಗೆ ಮನೆ ಹಿಂದಿನ ಖಾಲಿ ರಸ್ತೆಯಲ್ಲಿ ಅರ್ಧ ಗಂಟೆ. ಸಂಜೆ ನನ್ನ ಹೆರಿಗೆ ಪ್ರಾಕ್ಟೀಸು, ಅತ್ತೆಯ ದರ್ಬಾರು. ಮೇಜಿನ ಮೇಲೆ ಬಗ್ಗಿ ನಿಲ್ಲಬೇಕು, ಬಿಸಿನೀರಲ್ಲಿ ಹಿಂಡಿದ ಟವೆಲ್ ಸೊಂಟಕ್ಕೆ, ಅಂಗೈಯಿಂದ ಅವರು ಒತ್ತುತ್ತಾರೆ. "ಉಸಿರು. ದವಡೆ. ಕಾಲು. ಕಾಲು ಅಂದೆ." ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಎರಡೂ ಒಂದೇ ದಿನ ಬರುತ್ತವೆ.

ಆಸ್ಪತ್ರೆಯ ಬ್ಯಾಗ್ ತುಂಬಿಸಿದೆವು. ಸಡಿಲ ಅಂಗಿ, ಮಗುವಿನ ಬಟ್ಟೆ, ಟೋಪಿ, ಟವೆಲ್. ಅತ್ತೆ ಅಂಗಡಿಯಿಂದ ಬಗ್ಗುವ ಸ್ಟ್ರಾಗಳ ಒಂದು ಕಟ್ಟು ತಂದಿದ್ದರು. ಅಷ್ಟೊಂದು ಯಾಕೆ, ಮಕ್ಕಳ ಪಾರ್ಟಿಗಾ ಎಂದೆ, ತಮಾಷೆಗೆ. ಬ್ಯಾಗಿನ ಬದಿಯ ಜೇಬಿಗೆ ತೂರಿಸಿ ಜಿಪ್ ಎಳೆದರು.

"ನೀರು ಕೇಳಿದ್ದೆ. ಕೊಡ್ಲಿಲ್ಲ."

ಅಷ್ಟೇ. ಯಾವಾಗ, ಯಾರು ಎಂದು ಕೇಳುವ ಮೊದಲೇ ಟವೆಲ್ ಒಣಹಾಕಲು ಹೋದರು. ಕೇಳಬೇಕಾಗಿಯೂ ಇರಲಿಲ್ಲ. ಅವರ ಮೌನಕ್ಕೆ ನಾನು ಕೊಟ್ಟಿದ್ದ ಅರ್ಥ ತಪ್ಪು.

ಜುಲೈ 9, ಬುಧವಾರ

ಡಾಕ್ಟರ್ ಮರೆತಿರಲಿಲ್ಲ. "ಮೂವತ್ತಾರು ಆಯ್ತು. ಕೇಳ್ತೀನಿ ಅಂದಿದ್ದೆ. ಏನು ಮಾಡೋಣ?"

ಬಿಪಿ ಸರಿ ಇದೆ, ಮಗು ತಲೆ ಕೆಳಗೆ ಮಾಡಿದೆ. ನೋವು ತಾನಾಗಿ ಬರಲಿ, ನೋಡೋಣ ಎಂದೆ. ಆದರೆ ಏನೇ ಮಾಡುವುದಿದ್ದರೂ ಮೊದಲು ನನಗೆ ಹೇಳಬೇಕು, ಅದೊಂದು ಶರತ್ತು. "ಅದಕ್ಕೆ ಶರತ್ತು ಯಾಕೆ, ಅದು ನಮ್ಮ ಕೆಲಸ" ಎಂದರು. ತೀರಾ ಅವಸರದ ಹೊತ್ತು ಬಂದರೆ ಒಂದೇ ಸಾಲಿನಲ್ಲಿ ಹೇಳುತ್ತೇವೆ, ಆದರೂ ಹೇಳುತ್ತೇವೆ ಎಂದರು. ನಡುವೆ ಸಾಕೆನಿಸಿದರೆ ಬೆನ್ನಿಗೆ ಕೊಡುವ ಇಂಜೆಕ್ಷನ್ ಇದೆ, ನೋವು ಕಡಿಮೆಯಾಗುತ್ತದೆ. ಅಗತ್ಯಬಿದ್ದರೆ ಆಪರೇಷನ್ ಕೋಣೆ ಅದೇ ಮಹಡಿಯಲ್ಲಿ. ಮನಸ್ಸು ಬದಲಾದರೆ ಬದಲಾಗಲಿ.

ಭಯ ಹೋಯಿತೇ? ಇಲ್ಲ. ಹೋಗಿದೆ ಎಂದು ಬರೆದರೆ ನನಗೆ ನಾನೇ ಟೋಪಿ ಹಾಕಿದಂತೆ. ಆದರೆ ಮೊದಲು ಅದು ಕತ್ತಲಲ್ಲಿ ಕೂತಿತ್ತು, ಈಗ ಎದುರಿನ ಕುರ್ಚಿಯಲ್ಲಿ ಕೂತಿದೆ.

ಜುಲೈ 17, ಗುರುವಾರ

ಬೆಳಗಿನಿಂದ ಮಗು ಅಲುಗಾಡಿದ್ದು ಕಡಿಮೆ. ದಿನಾ ತಿಂಡಿ ಆದಮೇಲೆ ಕುಣಿಯುವುದು, ಇವತ್ತು ಎಲ್ಲೋ ಒಮ್ಮೆ ಮಿಸುಕಿತು. ನಾಳೆ ನೋಡೋಣವೇ, ಸುಮ್ಮನೆ ಗಾಬರಿಪಟ್ಟೆ ಎಂದು ನಗುತ್ತಾರೇನೋ ಎಂದು ಕೂತಿದ್ದೆ. ಅತ್ತೆ ಚಪ್ಪಲಿ ಹಾಕಿಕೊಂಡು ನಿಂತರು. "ಕ್ಲಾಸಲ್ಲಿ ಏನು ಹೇಳಿದ್ರು? ಕಾಯ್ಬೇಡಿ ಅಂದ್ರು. ನಡಿ."

ಆಟೋದಲ್ಲಿ ಹೋದೆವು. ಹೊಟ್ಟೆಗೆ ಪಟ್ಟಿ ಕಟ್ಟಿ ಮೆಷಿನ್ ಹಾಕಿದರು. ಎದೆಬಡಿತ ಕೇಳಿಸಿತು, ಕುದುರೆ ಓಡಿದ ಹಾಗೆ ಟಕಟಕ. ಅಲ್ಲಿಯವರೆಗೆ ನಾನು ಉಸಿರಾಡಿದ ನೆನಪಿಲ್ಲ. ಮುಕ್ಕಾಲು ಗಂಟೆ ನೋಡಿದರು. ಎಲ್ಲ ಸರಿಯಿದೆ. ಮಹಾಶಯರು ಅಷ್ಟರಲ್ಲಿ ಎದ್ದು ಪಟ್ಟಿಗೇ ಒದ್ದರು.

ಸುಮ್ಮನೆ ಬಂದುಬಿಟ್ಟೆ ಎಂದು ತಲೆ ತಗ್ಗಿಸಿದೆ. ಡ್ಯೂಟಿಯಲ್ಲಿದ್ದ ಸಿಸ್ಟರ್ ಹೇಳಿದರು, "ಹತ್ತು ಸಲ ಹೀಗಾದ್ರೆ ಹತ್ತು ಸಲ ಬನ್ನಿ. ಸುಮ್ಮನೆ ಬಂದವರನ್ನ ವಾಪಸ್ ಕಳ್ಸೋದೇ ನಮಗೆ ಖುಷಿ." ಆಕೆಯ ಮುಖ ಈಗಲೂ ಕಣ್ಣ ಮುಂದಿದೆ. ಚೆನ್ನಾಗಿರಲಿ ಅವರು. ಅವರ ಮಕ್ಕಳೂ ಚೆನ್ನಾಗಿರಲಿ.

ಜುಲೈ 26, ಶನಿವಾರ

ಅತ್ತೆ ಪಾಸ್. ಇನ್‌ಸ್ಪೆಕ್ಟರ್ ಕೇಳಿದರಂತೆ, "ಈ ವಯಸ್ಸಲ್ಲಿ ಯಾಕಮ್ಮ ಲೈಸೆನ್ಸು?" ಇವರು, "ಆತುರದ ಕೆಲಸ ಇದೆ" ಎಂದರಂತೆ. ಇವನು ಕೇಕ್ ತಂದ. ಕೇಕಿನ ಮೇಲೆ ಕೆಂಪು ಕ್ರೀಮಿನಲ್ಲಿ L. ಅತ್ತೆ ಮೊದಲ ತುಂಡು ನನ್ನ ಬಾಯಿಗಿಟ್ಟು, "ಮೇಡಂ, ನಿಮ್ಮ ದಯೆ" ಎಂದರು. ಮನೆಯೊಳಗೆ ಮೇಡಂ ಎಂದದ್ದು ಇದೇ ಮೊದಲು.

ಆಗಸ್ಟ್ 2, ಶನಿವಾರ, ಬೆಳಿಗ್ಗೆ

ಸೊಂಟ ಹಿಡಿದು ಬಿಡುತ್ತಿದೆ. ರಾತ್ರಿಯ ಊಟದ ದೋಷ ಎಂದುಕೊಂಡೆ. ಅಲ್ಲ. ಬಂದು ಹೋಗಿ, ಬಂದು ಹೋಗಿ... ಸ್ನಾನ ಮಾಡಿದೆ, ಬಿಸಿನೀರು ಹಿತವಾಗಿತ್ತು. ಇವನು ಊರಾಚೆಯ ಕಟ್ಟಡದಲ್ಲಿ, ಲಿಫ್ಟ್ ಗುಂಡಿಯೊಳಗೆ, ಫೋನ್ ಸಿಗುತ್ತಿಲ್ಲ. ಮೆಸೇಜ್ ಹಾಕಿದೆ.

ಮತ್ತೆ ಬಂತು. ಬರೆಯುತ್ತ ಬರೆಯುತ್ತ ಉಸಿರು ಬಿಟ್ಟೆ. ಹೋಯಿತು.

ಅತ್ತೆ ಆಸ್ಪತ್ರೆಗೆ ಫೋನ್ ಮಾಡಿ ಮಾತಾಡುತ್ತಿದ್ದಾರೆ, ಎಕ್ಸ್‌ಚೇಂಜಿನ ದನಿಯಲ್ಲಿ. "ಹೊರಡಿ ಅಂದ್ರು" ಎನ್ನುತ್ತಿದ್ದಾರೆ. ಕೀಲಿ ಅವರ ಕೈಯಲ್ಲಿದೆ. ಹೆದರಿಕೆ ಇದೆ. ಹೊರಟೆ —

ಆಗಸ್ಟ್ 6, ಬುಧವಾರ

ಮನೆ. ಮಗಳು. ಮಹಾಶಯರಲ್ಲ, ಮಹಾಶಯಿ. ಈಗ ತಾನೇ ಹಾಲು ಕುಡಿದು ನಿದ್ದೆ ಹೋದಳು. ಮೂಗು ಇವನದು, ಹಟ ಯಾರದೆಂದು ಇಬ್ಬರೂ ಒಪ್ಪಿಕೊಳ್ಳುತ್ತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ಗೊತ್ತು. ಆದರೂ ಇವಳು ನಿಜವಾಗಿ ಚಂದ.

ಮರೆಯುವ ಮೊದಲು ಬರೆದಿಡಬೇಕು.

ಆ ದಿನ ಅಭ್ಯಾಸಬಲದಿಂದ ನನ್ನ ಸೀಟಿನಲ್ಲೇ ಕೂತೆ, ಮುಂದೆ, ಪಕ್ಕದಲ್ಲಿ. ಅತ್ತೆ ಕನ್ನಡಿ ನೋಡಿದರು, ರಸ್ತೆಯನ್ನೂ ನೋಡಿದರು, ಹೊರಟರು. ದೊಡ್ಡ ರಸ್ತೆಗೆ ಬರುತ್ತಿದ್ದಂತೆ ನೋವು ಬಂತು. ಗಾಡಿ ಗಕ್ಕನೆ ನಿಂತಿತು. ಹಿಂದಿನವರ ಹಾರ್ನ್. ಅತ್ತೆ, "ಕ್ಲಚ್ ಬೇಗ ಬಿಟ್ನೇನೋ" ಎಂದು ಮತ್ತೆ ಸ್ಟಾರ್ಟ್ ಮಾಡಿದರು. ಸ್ವಲ್ಪ ದೂರ. ಮತ್ತೆ ನೋವು, ಮತ್ತೆ ಗಾಡಿ ನಿಂತಿತು. ಅತ್ತೆಯ ಹಣೆಯಲ್ಲಿ ಬೆವರು. "ಇಷ್ಟು ದಿನ ಬಂದಿದ್ದೆಲ್ಲ ಮರ್ತುಹೋಯ್ತಾ ನಂಗೆ?" ಮೂರನೇ ಸಲ ಗಾಡಿ ನಿಂತಾಗ ಅವರು ರಸ್ತೆ ನೋಡಲಿಲ್ಲ, ಕೆಳಗೆ ನನ್ನ ಕಾಲು ನೋಡಿದರು.

ನನ್ನ ಬಲಗಾಲು ಬ್ರೇಕನ್ನು ನೆಲಕ್ಕೆ ಅಂಟಿಸಿತ್ತು.

ಸಿಗ್ನಲ್ ಕೊಟ್ಟು, ಕನ್ನಡಿ ನೋಡಿ, ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿದರು. ಪಾಠ ಹೇಳಿಕೊಟ್ಟ ಹಾಗೆಯೇ. ಇಳಿದು ಸುತ್ತಿಬಂದು ನನ್ನ ಬಾಗಿಲು ತೆಗೆದರು.

"ಹಿಂದೆ ಹೋಗಿ ಕೂತ್ಕೋ."

"ಅತ್ತೆ, ನಾನಿಲ್ಲಿ ಇದ್ರೆ ನಿಮಗೆ —"

"ಇವತ್ತು ನೀನು ಮೇಡಂ ಅಲ್ಲ. ಹಿಂದಿನ ಸೀಟಲ್ಲಿ ಬ್ರೇಕ್ ಇಲ್ಲ. ಹೋಗು."

ಹನ್ನೊಂದು ವರ್ಷದಲ್ಲಿ ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಬೆಲ್ಟನ್ನು ಹೊಟ್ಟೆಯ ಕೆಳಗಿಂದ ಹಾಕಿ, ಬದಿಗೆ ದಿಂಬು ಕೊಟ್ಟರು. ನೋವು ಬಂದಾಗ ಕಾಲು ಒತ್ತಿತು, ಒತ್ತಲು ಏನೂ ಸಿಗಲಿಲ್ಲ. ಗಾಡಿ ಹೋಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಕಾಲಿಗೂ ಬೇಜಾರಾಗಿ ಸುಮ್ಮನಾಯಿತು. ಬಿಸಿ ಹಾಲು ಆರಿಸಿದೆ, ಆರಿಸಿದೆ. ಹಿಂದಿನ ಗಾಜಿನ L ಬೋರ್ಡ್ ತೆಗೆಯುವುದು ಮರೆತಿದ್ದೆವು. ಅದನ್ನು ನೋಡಿ ಎಲ್ಲರೂ ದೂರ ಸರಿದು ದಾರಿ ಬಿಟ್ಟರು. ಅವರಿಗೆಲ್ಲ ಒಂದು ನಮಸ್ಕಾರ.

ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಎರಡು ಗೆರೆಗಳ ನಡುವೆ ಗಾಡಿಯನ್ನು ಒಂದೇ ಸಲಕ್ಕೆ ನೆಟ್ಟಗೆ ನಿಲ್ಲಿಸಿದರು. ನೋವಿನಲ್ಲೂ ಅದನ್ನು ಗಮನಿಸಿದೆ. ಚಟ.

ಉದ್ದ ಸಿಸ್ಟರ್ ಡ್ಯೂಟಿಯಲ್ಲಿದ್ದರು, ನನ್ನ ಪುಣ್ಯ. ಕೋಣೆಯ ದೀಪ ಮಬ್ಬು ಮಾಡಿದರು. ನಡೆದೆ, ಚೆಂಡಿನ ಮೇಲೆ ಕೂತೆ, ಬಿಸಿನೀರಿನ ಕೆಳಗೆ ನಿಂತೆ. ಅತ್ತೆ ಸೊಂಟ ಒತ್ತಿದರು. ಪ್ರತಿ ನೋವು ಇಳಿದಮೇಲೆ ತುಟಿಯ ಹತ್ತಿರ ಸ್ಟ್ರಾ ಬಂದು ನಿಲ್ಲುತ್ತಿತ್ತು. ನಾನು ಕೇಳಲೇ ಇಲ್ಲ. ಕೇಳುವ ಅವಕಾಶವನ್ನೇ ಅವರು ಕೊಡಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸೋತೆ. ಬೆನ್ನಿನ ಇಂಜೆಕ್ಷನ್ ಬೇಕು ಅನಿಸಿತು. ಹೇಳಲು ನಾಚಿಕೆ. ಇಷ್ಟು ಪ್ರಾಕ್ಟೀಸ್ ಮಾಡಿಸಿದ್ದಾರೆ, ಅತ್ತೆ ಏನಂದುಕೊಂಡಾರು. ಕೊನೆಗೆ ಅವರ ಕಿವಿಯಲ್ಲಿ ಹೇಳಿದೆ.

"ತಗೋ" ಎಂದರು. "ನೋವು ತಿಂದವರಿಗೆಲ್ಲ ಕಿರೀಟ ಇಟ್ಟಿದ್ದಾರಾ? ನನ್ನ ತಲೆ ನೋಡು."

ತಲೆ ನೋಡಿದೆ. ಬೆವರಿಗೆ ಕೂದಲು ಅಂಟಿಕೊಂಡಿತ್ತು. ಇಬ್ಬರಿಗೂ ನಗು ಬಂತು.

ಅದು ಕೊಟ್ಟಮೇಲೆ ಒಂದು ಗಂಟೆ ನಿದ್ದೆ ಮಾಡಿದೆ. ಹೆರಿಗೆ ಕೋಣೆಯಲ್ಲಿ ನಿದ್ದೆ. ಎದುರು ಮನೆಯಾಕೆಗೆ ಹೇಳಿದರೆ ನಂಬಲಾರರು. ಎದ್ದಮೇಲೆ ಕೆಳಗೆ ಭಾರ, ಒತ್ತಡ. ಸಂಜೆಯ ಬಿಸಿಲು ಪರದೆಯ ಅಂಚಿನಿಂದ ನೆಲಕ್ಕೆ ಬಿದ್ದಿತ್ತು. ಮಗುವಿನ ಎದೆಬಡಿತ ಒಂದು ಸಲ ನಿಧಾನವಾಯಿತು. ಸಿಸ್ಟರ್ ಒಂದೇ ಸಾಲಿನಲ್ಲಿ ಹೇಳಿದರು, "ಮಗ್ಗುಲು ಬದಲಾಯಿಸೋಣ, ಸರಿ ಹೋಗುತ್ತಾ ನೋಡೋಣ, ಡಾಕ್ಟ್ರನ್ನೂ ಕರ್ದಿದ್ದೀನಿ." ಬದಲಾಯಿಸಿದರು. ಸರಿ ಹೋಯಿತು. ನನ್ನ ಭಯಕ್ಕೆ ಹೇಳಿ ಮಾಡಿಸಿದ ಗಳಿಗೆ ಅದು, ಆದರೂ ಭಯ ಬರಲಿಲ್ಲ. ಏನಾಗುತ್ತಿದೆ ಎಂದು ನನಗೆ ಗೊತ್ತಿತ್ತು, ಅದಕ್ಕೇ.

ಆಮೇಲೆ ಅವಳು ಬಂದಳು. ಒದ್ದೆಯಾಗಿ, ಬಿಸಿಯಾಗಿ, ಕೋಪದಲ್ಲಿ. ನೇರ ನನ್ನ ಎದೆಯ ಮೇಲೆ. ಎರಡು ಹೊಲಿಗೆ ಹಾಕಿದರಂತೆ. ನನಗೆ ಅವಳ ಕಿವಿ ನೋಡುವುದರಲ್ಲಿ ಗೊತ್ತೇ ಆಗಲಿಲ್ಲ.

ಇವನು ಮೈಯೆಲ್ಲ ಗ್ರೀಸ್ ಮಾಡಿಕೊಂಡು ಓಡಿಬಂದಿದ್ದ. ಎಲ್ಲ ಒರೆಸಿ ಶುಚಿ ಮಾಡಿದಮೇಲೆ ಒಳಗೆ ಬಿಟ್ಟರು. ಕಣ್ಣು ಮುಚ್ಚಿಕೊಂಡೇ ಬಂದ. "ತೆಗೀಬಹುದಾ?" ಎಂದು ಕೇಳಿ ತೆಗೆದ. ಬೀಳಲಿಲ್ಲ. ಗೋಡೆ ಹಿಡಿದು ಗಳಗಳ ಅತ್ತ.

ಎಷ್ಟು ಜನರ ಕೈ ಇದೆ ಇದರಲ್ಲಿ. ಅವರ ಋಣ ತೀರಿಸುವ ದಾರಿ ನನಗೆ ತಿಳಿಯದು. ತೀರಿಸದೆ ಹೊತ್ತುಕೊಂಡೇ ಇರುತ್ತೇನೆ, ಭಾರ ಅನಿಸುವುದಿಲ್ಲ.

ಎದ್ದಳು. ಸಾಕು.

ಆಗಸ್ಟ್ 11, ಸೋಮವಾರ

ನಿದ್ದೆ ಇಲ್ಲ. ತಲೆ ಬಾಚಿ ಮೂರು ದಿನವಾಯಿತು. ಖುಷಿಯಾಗಿದ್ದೇನೆ.

ಅತ್ತೆ ಇವತ್ತು ಮಗುವಿಗೆ ಎಣ್ಣೆ ಹಚ್ಚುತ್ತ, ನನ್ನ ಕಡೆ ನೋಡದೆ ಹೇಳಿದರು, "ಪ್ರತಿ ಸಲ ನಿನ್ನ ಕೇಳಿ ಮುಟ್ಟಿದ್ರು."

"ಯಾರು?"

"ಅಲ್ಲಿ. ಆ ಉದ್ದದವಳು, ಡಾಕ್ಟ್ರು, ಎಲ್ರೂ. ಈಗ ನೋಡ್ಲಾ, ಕಾಲು ಎತ್ಲಾ, ದೀಪ ಹಾಕ್ಲಾ. ನೀನು ಬೇಡ ಅಂದಾಗ ಒಂದ್ಸಲ ನಿಂತೂ ನಿಂತ್ರು. ನಾನು ಅಲ್ಲೇ ಇದ್ನಲ್ಲ. ನೋಡ್ತಾ ಇದ್ದೆ."

ನಾನು ಗಮನಿಸಿಯೇ ಇರಲಿಲ್ಲ. ನನಗೆ ಅದು ಗಾಳಿಯ ಹಾಗೆ ಸುಮ್ಮನೆ ಇತ್ತು. ಅವರು ಒಂದೊಂದನ್ನೂ ಆರಿಸಿಟ್ಟುಕೊಂಡಿದ್ದಾರೆ. ಮಗುವಿನ ಅಂಗಾಲಿಗೆ ಎಣ್ಣೆ ಹಚ್ಚಿ ಮುಗಿದಿದ್ದರೂ ಹಚ್ಚುತ್ತಲೇ ಇದ್ದರು. ಕಣ್ಣು ತುಂಬಿತ್ತು. ನಾನು ಏನೋ ಹೇಳಹೋದೆ, ಮಗು ಅತ್ತಿತು.

ಆಗಸ್ಟ್ 20, ಬುಧವಾರ, ಮಧ್ಯಾಹ್ನ

ಮನೆಯಲ್ಲಿ ಮೂವರೇ. ಮಗು ಮಲಗಿದೆ. ಅತ್ತೆ ಮಂಚದ ಆ ಕೊನೆಯಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಾರೆ. ನಾನು ಈ ಕೊನೆಯಲ್ಲಿ, ಬರೆಯುತ್ತ. ಒಂಬತ್ತು ದಿನದಿಂದ ಒಂದು ಮಾತು ಕೇಳಬೇಕೆಂದಿದ್ದೇನೆ. ಇಷ್ಟು ವರ್ಷ ಒಂದೇ ಮನೆಯಲ್ಲಿ ಇದ್ದೇವೆ, ಬರುವವರು ಹೋಗುವವರು ಎಲ್ಲರೂ ತಮ್ಮ ಹೆರಿಗೆಯ ಕತೆ ಹೇಳಿ ಹೋಗಿದ್ದಾರೆ. ಇವರನ್ನು ಯಾರೂ ಕೇಳಲಿಲ್ಲ. ಇವರ ಗಂಡ ಕೇಳಿರಲಿಕ್ಕಿಲ್ಲ, ಮಗ ಕೇಳಿಲ್ಲ. ನಾನೂ.

ಈಗ ಕೇಳಿದೆ. ಈ ಸಾಲು ಬರೆದು, ತಲೆಯೆತ್ತಿ ಕೇಳಿದೆ. "ಅತ್ತೆ, ಇವನು ಹುಟ್ಟಿದ ದಿನ ನಿಮಗೆ ಹೇಗಿತ್ತು? ಹೇಳ್ಬೇಕು ಅನ್ಸಿದ್ರೆ ಮಾತ್ರ."

ಮಡಿಸುತ್ತಿದ್ದ ಬಟ್ಟೆ ತೊಡೆಯ ಮೇಲೆ ಬಿತ್ತು. ಎತ್ತಿಕೊಳ್ಳಲಿಲ್ಲ. ಕನ್ನಡಕ ತೆಗೆದರು. ಮಗುವನ್ನು ನೋಡಿದರು.

"ಬೆಳಗ್ಗೆ ಡ್ಯೂಟಿಗೆ ಹೋಗಿದ್ದೆ. ಕಿವಿಗೆ ಹೆಡ್‌ಸೆಟ್ ಹಾಕ್ಕೊಂಡೇ ಇದ್ದೆ..."

ನಿಲ್ಲಿಸಿದರು. ನನ್ನ ಪೆನ್ನಿನ ಕಡೆ ನೋಡುತ್ತಿದ್ದಾರೆ. ಬೇಡ, ಬರೆಯುವುದು ಬೇಡ. ಈಗ ನಾನು ಬರೀ ಕೇಳಬೇಕು —